ತಪ್ಪು ಅವನದೇ ಇರಬಹುದು, ಜೀವ ಮಾತ್ರ ನಮ್ಮಲ್ಲಿಟ್ಟ ಅಮಾನತ್ತು

ರಸ್ತೆ ಅಪಘಾತದಲ್ಲಿ ತೀರಿಕೊಂಡ ತರುಣನೊಬ್ಬನ ದಫನ್ ಮುಗಿಸಿ ಖಬರಸ್ತಾನದಿಂದ ಹೊರಬರುವಾಗ ಜನರ ಬಾಯಲ್ಲಿ ಸಾಮಾನ್ಯವಾಗಿ ಎರಡು ಮಾತುಗಳು ಕೇಳಿಬರುತ್ತವೆ. ಒಂದು, "ತಪ್ಪು ಪೂರಾ ಲಾರಿಯವನದೇ." ಇನ್ನೊಂದು, "ಏನು ಮಾಡೋಕಾಗುತ್ತೆ, ತಕ್ದೀರ್." ಎರಡೂ ಸುಳ್ಳಲ್ಲ. ತಪ್ಪು ಲಾರಿಯವನದೇ ಇರಬಹುದು. ಅಲ್ಲಾಹನ ವಿಧಿಯ ಹೊರಗೆ ಒಂದು ಎಲೆಯೂ ಉದುರುವುದಿಲ್ಲ ಎಂಬುದೂ ನಮ್ಮ ವಿಶ್ವಾಸ. ಆದರೆ ಈ ಎರಡು ಮಾತುಗಳನ್ನು ಆಡಿ ಮನೆಗೆ ಮರಳುವ ನಾವು ಮೂರನೆಯ ಪ್ರಶ್ನೆಯೊಂದನ್ನು ಕೇಳಿಕೊಳ್ಳುವುದೇ ಇಲ್ಲ. ಈ ಜೀವವನ್ನು ಉಳಿಸಿಕೊಳ್ಳಲು ನಮ್ಮ ಕೈಯಲ್ಲಿದ್ದುದನ್ನು ನಾವು ಮಾಡಿದ್ದೆವೇ?

ಆ ಹುಡುಗನ ತಲೆಯ ಮೇಲೆ ಹೆಲ್ಮೆಟ್ ಇತ್ತೇ? ರಾತ್ರಿ ಹನ್ನೊಂದು ಗಂಟೆಗೆ ಅವನನ್ನು ರಸ್ತೆಗೆ ಕಳುಹಿಸಿದವರು ಯಾರು? ಹಿಂದಿನ ದೀಪ ಕೆಟ್ಟು ತಿಂಗಳಾಗಿದ್ದ ಬೈಕನ್ನು ರಿಪೇರಿ ಮಾಡಿಸದೆ ಇದ್ದವರು ಯಾರು? ಪರಲೋಕದಲ್ಲಿ ಲಾರಿಯವನನ್ನು ಅವನ ತಪ್ಪಿಗಾಗಿ ವಿಚಾರಿಸಲಾಗುವುದು. ನಮ್ಮನ್ನು ನಮ್ಮ ಪಾಲಿಗಾಗಿ ವಿಚಾರಿಸಲಾಗುವುದು. ಒಬ್ಬನ ತಪ್ಪು ಇನ್ನೊಬ್ಬನ ಹೊಣೆಯನ್ನು ಅಳಿಸಿಹಾಕುವುದಿಲ್ಲ.

ನಮ್ಮ ನಾಲ್ಕು ತಾಲೂಕುಗಳ ರಸ್ತೆಗಳು

ಕೋಲಾರ ಜಿಲ್ಲೆಯವರಿಗೆ ಇದು ದೂರದ ವಿಷಯವಲ್ಲ. ಹಳೆಯ ಚಾಲಕರು ಇಂದಿಗೂ ಎನ್.ಎಚ್. ನಾಲ್ಕು ಎಂದೇ ಕರೆಯುವ, ಈಗ 75 ಎಂದು ಸಂಖ್ಯೆ ಬದಲಾಗಿರುವ ಹೆದ್ದಾರಿಯು ನರಸಾಪುರ, ಕೋಲಾರ, ಮುಳಬಾಗಿಲುಗಳನ್ನು ದಾಟಿ ನಂಗಲಿಯ ಬಳಿ ಆಂಧ್ರದ ಗಡಿಯನ್ನು ಸೇರುತ್ತದೆ. ಅದರ ಮೇಲೆ ಹಗಲಿರುಳೂ ದೂರದ ಊರಿನ ಲಾರಿಗಳು ಓಡುತ್ತವೆ. ನರಸಾಪುರದ ಕಾರ್ಖಾನೆಗಳ ಪಾಳಿ ಬಿಟ್ಟಾಗ ನೂರಾರು ಯುವಕರು ಬೈಕುಗಳಲ್ಲಿ ಅದೇ ರಸ್ತೆಗೆ ಇಳಿಯುತ್ತಾರೆ. ಕೋಲಾರದ ಮಾರುಕಟ್ಟೆಯಿಂದ ಟೊಮೆಟೊ ಹೊತ್ತ ಲಾರಿಗಳು ಬೆಳಗಾಗುವುದರೊಳಗೆ ದೂರದ ಪೇಟೆ ಮುಟ್ಟುವ ಆತುರದಲ್ಲಿರುತ್ತವೆ.

ಶ್ರೀನಿವಾಸಪುರದಲ್ಲಿ ಮಾವಿನ ಸುಗ್ಗಿ ಬಂತೆಂದರೆ ಮಂಡಿಯ ಮುಂದೆ ಟ್ರ್ಯಾಕ್ಟರುಗಳು, ಟೆಂಪೋಗಳು ಸಾಲುಗಟ್ಟುತ್ತವೆ. ಹಿಂಬದಿಗೆ ಒಂದು ಕೆಂಪು ಬಿಲ್ಲೆಯೂ ಇಲ್ಲದ ಟ್ರೇಲರು ಕತ್ತಲಲ್ಲಿ ರಸ್ತೆಯ ಒಂದು ತುಂಡಿನಂತೆಯೇ ಕಾಣುತ್ತದೆ. ಮಾಲೂರಿನಲ್ಲಿ ಇಟ್ಟಿಗೆ, ಹೆಂಚಿನ ಲೋಡುಗಳು ಓಡಾಡುತ್ತವೆ. ಸಾಲದ್ದಕ್ಕೆ ಹೊಸಕೋಟೆಯಿಂದ ಮಾಲೂರು ತಾಲೂಕನ್ನು ಹಾದು ಬೇತಮಂಗಲದವರೆಗೆ ಹೊಸ ಚೆನ್ನೈ ಎಕ್ಸ್‌ಪ್ರೆಸ್ ರಸ್ತೆಯ ಸುಮಾರು 71 ಕಿಲೋಮೀಟರ್ ಭಾಗ 2024ರ ಕೊನೆಯಿಂದ ವಾಹನಗಳಿಗೆ ತೆರೆದುಕೊಂಡಿದೆ. ಖಾಲಿ, ನೇರ, ನುಣುಪಾದ ರಸ್ತೆ. ನಮ್ಮ ಹುಡುಗರ ಪಾಲಿಗೆ ಅದು ದೊಡ್ಡ ಪ್ರಲೋಭನೆ.

ದೇಶದ ಲೆಕ್ಕ ನೋಡಿದರೆ ಎದೆ ನಡುಗುತ್ತದೆ. ಕೇಂದ್ರ ಸರಕಾರದ ವರದಿಯಂತೆ 2022ರ ಒಂದೇ ವರ್ಷದಲ್ಲಿ ರಸ್ತೆಗಳಲ್ಲಿ 1,68,491 ಮಂದಿ ಪ್ರಾಣ ಕಳೆದುಕೊಂಡರು. ಅಂದರೆ ದಿನಕ್ಕೆ 460ಕ್ಕೂ ಹೆಚ್ಚು ಜನಾಝಾಗಳು, ಚಿತೆಗಳು. ಅವರಲ್ಲಿ 50,029 ಮಂದಿ ಹೆಲ್ಮೆಟ್ ಧರಿಸದವರು, 16,715 ಮಂದಿ ಸೀಟ್ ಬೆಲ್ಟ್ ಹಾಕದವರು. ಇವರಲ್ಲಿ ಎಷ್ಟೋ ಮಂದಿಯ ವಿಷಯದಲ್ಲಿ ಡಿಕ್ಕಿಯ ತಪ್ಪು ಇನ್ನೊಬ್ಬನದೇ ಆಗಿದ್ದಿರಬಹುದು. ಆದರೆ ಹೆಲ್ಮೆಟನ್ನು ಮನೆಯ ಮೊಳೆಗೆ ತೂಗುಹಾಕಿ ಹೊರಟವನು ಆ ಇನ್ನೊಬ್ಬನಲ್ಲ.

ಒಂಟೆಯನ್ನು ಕಟ್ಟಿದ ಮೇಲೆಯೇ ತವಕ್ಕುಲ್

ಒಂಟೆಯನ್ನು ಕಟ್ಟಿ ಅಲ್ಲಾಹನ ಮೇಲೆ ಭರವಸೆ ಇಡಲೇ, ಕಟ್ಟದೆ ಬಿಟ್ಟು ಭರವಸೆ ಇಡಲೇ ಎಂದು ಕೇಳಿದ ಮನುಷ್ಯನಿಗೆ ಪ್ರವಾದಿವರ್ಯರು(ಸ) ಮೊದಲು ಕಟ್ಟುವಂತೆಯೂ ಆಮೇಲೆ ಭರವಸೆ ಇಡುವಂತೆಯೂ ಕಲಿಸಿದರು. ಈ ಹದೀಸ್ ನಮಗೆಲ್ಲರಿಗೂ ಬಾಯಿಪಾಠ. ಬೈಕಿನ ಬ್ರೇಕ್ ಸವೆದಿರುವಾಗ, ಟೈರು ನುಣ್ಣಗಾಗಿರುವಾಗ 'ಬಿಸ್ಮಿಲ್ಲಾಹ್' ಎಂದು ಹೊರಡುವವನು ಒಂಟೆಯನ್ನು ಕಟ್ಟಿದವನೇ, ಬಿಟ್ಟವನೇ?

ಹಝ್ರತ್ ಉಮರ್(ರ) ಶಾಮ್ ಪ್ರಾಂತದತ್ತ ಹೊರಟಿದ್ದಾಗ ಅಲ್ಲಿ ಪ್ಲೇಗ್ ಹಬ್ಬಿದೆ ಎಂಬ ಸುದ್ದಿ ದಾರಿಯಲ್ಲೇ ತಲುಪಿತು. ಅವರು ಹಿಂದಿರುಗಲು ತೀರ್ಮಾನಿಸಿದಾಗ ಅಬೂ ಉಬೈದಾ(ರ) ಅವರು, ಅಲ್ಲಾಹನ ವಿಧಿಯಿಂದ ಓಡಿಹೋಗುವುದೇ ಎಂದು ಕೇಳಿದರು. ತಾವು ಅಲ್ಲಾಹನ ಒಂದು ವಿಧಿಯಿಂದ ಅವನದೇ ಇನ್ನೊಂದು ವಿಧಿಯ ಕಡೆಗೆ ಹೋಗುತ್ತಿರುವುದಾಗಿ ಉಮರ್(ರ) ಉತ್ತರಿಸಿದರು. ಡಿಕ್ಕಿ ತಕ್ದೀರ್ ಆದರೆ ಬ್ರೇಕ್ ಹಾಕುವುದೂ ತಕ್ದೀರೇ. ಮಗನಿಗೆ ಬುದ್ಧಿ ಹೇಳಿ ರಾತ್ರಿಯ ಪ್ರಯಾಣವನ್ನು ಬೆಳಗಿಗೆ ಮುಂದೂಡಿಸುವ ತಾಯಿಯೂ ಒಂದು ವಿಧಿಯಿಂದ ಇನ್ನೊಂದು ವಿಧಿಯ ಕಡೆಗೇ ಅವನನ್ನು ಕರೆದೊಯ್ಯುತ್ತಾಳೆ.

ಇತರರ ತಪ್ಪನ್ನು ಮೊದಲೇ ಕಾಣುವ ಕಣ್ಣು

ಹಲವು ವರ್ಷ ಮಾವಿನ ಲೋಡು ಹೊಡೆದು ಈಗ ಮಸೀದಿಯ ಮೊದಲ ಸಾಲಿನಲ್ಲಿ ಕುಳಿತಿರುವ ಹಿರಿಯ ಚಾಲಕರೊಬ್ಬರನ್ನು ಒಮ್ಮೆ ಕೇಳಿದೆ, "ಚಾಚಾ, ಇಷ್ಟು ವರ್ಷ ಒಂದು ಅಪಘಾತವೂ ಆಗದೆ ಹೇಗೆ ಓಡಿಸಿದಿರಿ?" ಅವರು ನಕ್ಕು ಹೇಳಿದರು: "ಬೇಟಾ, ಎದುರಿನ ಗಾಡಿಗೆ ಬ್ರೇಕ್ ಇಲ್ಲ, ಅದರ ಡ್ರೈವರಿಗೆ ನಿದ್ದೆ ಬಂದಿದೆ ಅಂದುಕೊಂಡೇ ಓಡಿಸಿದೆ. ರೋಡಲ್ಲಿ ನನ್ನ ಹಕ್ಕು ಯಾವುದು ಅಂತ ಯಾವತ್ತೂ ನೋಡಲಿಲ್ಲ. ಹಕ್ಕು ನೋಡಿದವರ ಗಾಡಿಗಳನ್ನು ತುಂಬಾ ಜನ ಎತ್ತಿದ್ದೀನಿ."

ಇಲ್ಲಿ ಒಂದು ಸಂಶಯ ಹುಟ್ಟಬಹುದು. ಇತರರ ಬಗ್ಗೆ ಒಳ್ಳೆಯ ಭಾವನೆ ಇಟ್ಟುಕೊಳ್ಳಬೇಕೆಂದು ಧರ್ಮ ಕಲಿಸುತ್ತದಲ್ಲವೇ, ಎಲ್ಲರನ್ನೂ ಸಂಶಯಿಸಿ ಓಡಿಸುವುದು ಸರಿಯೇ? ಇದು ಕೆಟ್ಟ ಗುಮಾನಿಯಲ್ಲ. ಎದುರಿನವನ ಉದ್ದೇಶ ಕೆಟ್ಟದ್ದೆಂದು ನಾವು ಹೇಳುತ್ತಿಲ್ಲ. ಅವನೂ ಆದಮರ(ಅ) ಸಂತತಿ, ಮರೆಯುವವನು, ದಣಿಯುವವನು, ಎಡವುವವನು. ಅವನ ದೌರ್ಬಲ್ಯಕ್ಕೆ ಸ್ವಲ್ಪ ಜಾಗ ಬಿಟ್ಟು ಓಡಿಸುವುದು ಅವನ ಮೇಲಿನ ಕರುಣೆಯೂ ಹೌದು.

ಆ ಜಾಗ ಎಷ್ಟಿರಬೇಕು? ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ವಾಹನವು ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ನೂರರ ವೇಗದಲ್ಲಿ ಸುಮಾರು 28 ಮೀಟರ್. ಅಪಾಯವನ್ನು ಕಣ್ಣು ಕಂಡು, ಮನಸ್ಸು ತಿಳಿದು, ಕಾಲು ಬ್ರೇಕಿಗೆ ಹೋಗುವಷ್ಟರಲ್ಲೇ ಒಂದು ಸೆಕೆಂಡಿಗಿಂತ ಹೆಚ್ಚು ಕಳೆದಿರುತ್ತದೆ. ಮೊಬೈಲಿನತ್ತ ಎರಡು ಸೆಕೆಂಡು ಕಣ್ಣು ಹಾಯಿಸಿದವನು 60ರ ವೇಗದಲ್ಲಿ 33 ಮೀಟರ್ ದೂರವನ್ನು ಕುರುಡನಂತೆ ದಾಟಿರುತ್ತಾನೆ. ಆದ್ದರಿಂದ ಮುಂದಿನ ವಾಹನವು ಒಂದು ಮರವನ್ನೋ ಕಂಬವನ್ನೋ ದಾಟಿದ ಮೇಲೆ ನಾವು ಅಲ್ಲಿಗೆ ತಲುಪಲು ಕನಿಷ್ಠ ಮೂರು ಸೆಕೆಂಡು ಹಿಡಿಯುವಷ್ಟು ಅಂತರವಿರಲಿ. ಮಳೆಯಿದ್ದರೆ, ಮಂಜಿದ್ದರೆ ಅದರ ಎರಡರಷ್ಟಿರಲಿ. ಹಳ್ಳಿಯ ದಾರಿ ಹೆದ್ದಾರಿಗೆ ಕೂಡುವಲ್ಲಿ ವೇಗ ತಗ್ಗಲಿ. ಎದುರಿನಿಂದ ತಪ್ಪು ಬದಿಯಲ್ಲಿ ಬರುವವನನ್ನು ಬೈಯುವ ಮೊದಲು ಅವನಿಗೆ ದಾರಿ ಬಿಡಿ. ಬೈಗುಳಕ್ಕೆ ಆಮೇಲೂ ಸಮಯವಿರುತ್ತದೆ, ಮತ್ತು ಆಗ ಅದು ಬೇಕಾಗುವುದೂ ಇಲ್ಲ.

ರಸ್ತೆಯಲ್ಲಿ ಬಿಡಾರ ಬೇಡ

2023ರ ಅಕ್ಟೋಬರ್ 26ರ ಬೆಳಿಗ್ಗೆ ನಮ್ಮ ನೆರೆಯ ಚಿಕ್ಕಬಳ್ಳಾಪುರದ ಬಳಿ ಹೆದ್ದಾರಿಯಲ್ಲಿ ದಟ್ಟ ಮಂಜು ಕವಿದಿತ್ತು. ಆಂಧ್ರದ ಕಡೆಯಿಂದ ಬೆಂಗಳೂರಿಗೆ ಬರುತ್ತಿದ್ದ ಸುಮೋ ಒಂದು ರಸ್ತೆಯಲ್ಲಿ ನಿಂತಿದ್ದ ಟ್ಯಾಂಕರಿನ ಹಿಂಭಾಗಕ್ಕೆ ಬಡಿಯಿತು. ಹದಿಮೂರು ಜೀವಗಳು ಹೋದವು. ಹೊಟ್ಟೆಪಾಡಿಗಾಗಿ ಹೊರಟವರ ಪ್ರಯಾಣ ಅಲ್ಲೇ ಮುಗಿಯಿತು.

ನಿಂತ ವಾಹನವೂ ಕೊಲ್ಲುತ್ತದೆ. ಈ ಮಾತು ನಮ್ಮ ಚಾಲಕ ಸಹೋದರರ ಮನಸ್ಸಿನಲ್ಲಿ ಅಚ್ಚೊತ್ತಬೇಕು. ಪ್ರಯಾಣದಲ್ಲಿ ರಾತ್ರಿ ತಂಗುವಾಗ ದಾರಿಯನ್ನು ಬಿಟ್ಟು ಪಕ್ಕಕ್ಕೆ ತಂಗಬೇಕು, ಏಕೆಂದರೆ ಅದು ರಾತ್ರಿಯಲ್ಲಿ ಪ್ರಾಣಿಗಳೂ ಹುಳಹುಪ್ಪಟೆಗಳೂ ಓಡಾಡುವ ಜಾಗ ಎಂದು ಪ್ರವಾದಿವರ್ಯರು(ಸ) ಕಲಿಸಿದ್ದನ್ನು ಸಹೀಹ್ ಮುಸ್ಲಿಮ್ ವರದಿ ಮಾಡಿದೆ. ಮರುಭೂಮಿಯ ಕಾಲುದಾರಿಯಲ್ಲೇ ಇಷ್ಟು ಎಚ್ಚರ ಬೇಕಿದ್ದರೆ ಟನ್ನುಗಟ್ಟಲೆ ಭಾರದ ಲಾರಿಗಳು ಓಡುವ ಹೆದ್ದಾರಿಯಲ್ಲಿ ಎಷ್ಟು ಬೇಕು? ಚಹಾ ಕುಡಿಯಲೆಂದು ಲಾರಿಯನ್ನು ಅರ್ಧ ರಸ್ತೆಗೆ ನಿಲ್ಲಿಸುವವನು, ಪಂಕ್ಚರ್ ಆದಾಗ ಟೈರಿನ ಕೆಳಗೆ ಕಲ್ಲು ಕೊಟ್ಟು ಆಮೇಲೆ ಆ ಕಲ್ಲನ್ನು ರಸ್ತೆಯಲ್ಲೇ ಬಿಟ್ಟು ಹೋಗುವವನು ಯೋಚಿಸಲಿ. ದಾರಿಯಿಂದ ಮುಳ್ಳನ್ನು ತೆಗೆಯುವುದು ಈಮಾನಿನ ಒಂದು ಶಾಖೆಯಾದರೆ ದಾರಿಗೆ ಕಲ್ಲು ತಂದಿಡುವುದು ಏನು?

ಅವಸರ ಮತ್ತು ತೂಕಡಿಕೆ

ಹಜ್ಜಿನಲ್ಲಿ ಅರಫಾದಿಂದ ಹೊರಟಾಗ ಹಿಂದುಗಡೆ ಜನರು ಒಂಟೆಗಳನ್ನು ಹೊಡೆದು ಓಡಿಸುವ ಸದ್ದು ಪ್ರವಾದಿವರ್ಯರಿಗೆ(ಸ) ಕೇಳಿಸಿತು. ಅವರು ಶಾಂತರಾಗಿರುವಂತೆ ಸನ್ನೆ ಮಾಡಿ, ಪುಣ್ಯವು ಓಟದಲ್ಲಿ ಇಲ್ಲವೆಂದು ತಿಳಿಸಿದರು. ಇಕಾಮತ್ ಕೇಳಿದಾಗಲೂ ನಮಾಝಿಗೆ ಓಡಿ ಬರಬಾರದು, ಸಮಾಧಾನದಿಂದ ಬರಬೇಕು, ಸಿಕ್ಕಿದ್ದನ್ನು ನಿರ್ವಹಿಸಿ ತಪ್ಪಿದ್ದನ್ನು ಪೂರ್ತಿ ಮಾಡಿಕೊಳ್ಳಬೇಕು ಎಂಬುದೂ ಅವರದೇ ಶಿಕ್ಷಣ. ಹೀಗಿರುವಾಗ ರಮಝಾನಿನ ಸಂಜೆ ಇಫ್ತಾರಿಗೆ ಮನೆ ಮುಟ್ಟಲೆಂದು ಎಡಬಲ ನೋಡದೆ ಧಾವಿಸುವುದು ಯಾವ ಸುನ್ನತ್ತು? ಒಂದು ಖರ್ಜೂರ, ಒಂದು ಬಾಟಲಿ ನೀರು ಗಾಡಿಯಲ್ಲಿದ್ದರೆ ಉಪವಾಸ ರಸ್ತೆ ಬದಿಯಲ್ಲೇ ಬಿಡಬಹುದು. ಮನೆಯವರೂ "ಎಲ್ಲಿದ್ದೀಯಾ, ಎಷ್ಟು ಹೊತ್ತು?" ಎಂದು ಮತ್ತೆ ಮತ್ತೆ ಫೋನ್ ಮಾಡದೆ "ನಿಧಾನ ಬಾ" ಎಂದು ಒಮ್ಮೆ ಹೇಳಿ ಇಟ್ಟುಬಿಡಲಿ.

ನಮಾಝಿನಲ್ಲಿ ತೂಕಡಿಕೆ ಬಂದರೆ ಮಲಗಿ ನಿದ್ದೆ ತೀರಿಸಿಕೊಳ್ಳಬೇಕೆಂದು ಪ್ರವಾದಿವರ್ಯರು(ಸ) ಹೇಳಿದ್ದನ್ನು ಹಝ್ರತ್ ಆಯಿಶಾ(ರ) ವರದಿ ಮಾಡಿದ್ದಾರೆ. ನಿದ್ದೆಗಣ್ಣಿನಲ್ಲಿ ಕ್ಷಮೆ ಕೇಳಲು ಹೋಗಿ ತನ್ನನ್ನೇ ಶಪಿಸಿಕೊಂಡಾನು ಎಂಬುದೇ ಅದಕ್ಕೆ ಕಾರಣ. ಒಡೆಯನ ಮುಂದೆ ನಿಂತಾಗಲೇ ನಿದ್ದೆಗೆ ಈ ರಿಯಾಯಿತಿ ಇದ್ದರೆ, ಸ್ಟೀರಿಂಗ್ ಹಿಡಿದವನು ಅರ್ಧ ಗಂಟೆ ಮಲಗಿದರೆ ಮಾಲೀಕನು ಕೋಪಿಸಿಕೊಳ್ಳಬಹುದೇ? ಟ್ರಿಪ್ಪಿನ ಮೇಲೆ ಟ್ರಿಪ್ಪು ಹೊಡೆಸಿ ಚಾಲಕನಿಗೆ ನಿದ್ದೆ ಕೊಡದ ಮಂಡಿ ಸಾಹುಕಾರರೂ ಈ ಲೆಕ್ಕದಲ್ಲಿ ಪಾಲುದಾರರು.

ನಮ್ಮ ಕೈಯ ಬಾಣದ ಮೊನೆ

ಬಾಣಗಳನ್ನು ಹಿಡಿದು ಮಸೀದಿಯಲ್ಲೋ ಪೇಟೆಯಲ್ಲೋ ಹಾದುಹೋಗುವವನು ಯಾರಿಗೂ ತಗಲದಂತೆ ಅವುಗಳ ಮೊನೆಯನ್ನು ಕೈಯಲ್ಲಿ ಹಿಡಿದುಕೊಳ್ಳಬೇಕೆಂದು ಪ್ರವಾದಿವರ್ಯರು(ಸ) ಆದೇಶಿಸಿದ್ದರು. ಇಂದು ನಮ್ಮ ಕೈಯಲ್ಲಿರುವ ಬಾಣ ವಾಹನ. ಇತರರ ತಪ್ಪನ್ನು ಎಣಿಸುವ ನಾವು ಇನ್ನೊಬ್ಬರ ಪಾಲಿಗೆ ಆ 'ಇತರರು' ನಾವೇ ಎಂಬುದನ್ನು ಮರೆಯಬಾರದು.

ಹದಿನೈದು ವರ್ಷದ ಮಗನಿಗೆ ಬೈಕ್ ಕೊಟ್ಟು, ಅವನು ಓಡಿಸುವುದನ್ನು ನೆಂಟರ ಮುಂದೆ ಹೆಮ್ಮೆಯಿಂದ ಹೇಳಿಕೊಳ್ಳುವ ತಂದೆ ತಾಯಂದಿರು ಇದ್ದಾರೆ. ವೈದ್ಯ ವಿದ್ಯೆ ಬಲ್ಲವನೆಂದು ತಿಳಿದುಬಂದಿಲ್ಲದವನು ಚಿಕಿತ್ಸೆ ಮಾಡಿದರೆ ಅದರ ಹಾನಿಗೆ ಅವನೇ ಹೊಣೆ ಎಂಬುದು ಹದೀಸಿನ ಶಿಕ್ಷಣ. ಲೈಸೆನ್ಸ್ ಇಲ್ಲದ ಕೈಗೆ ಕೀಲಿ ಕೊಡುವವನಿಗೆ ಇದು ಅನ್ವಯಿಸುವುದಿಲ್ಲವೇ? 2019ರ ತಿದ್ದುಪಡಿಯ ನಂತರ ನಮ್ಮ ದೇಶದ ಕಾನೂನೂ ಇದನ್ನೇ ಹೇಳುತ್ತದೆ. ಅಪ್ರಾಪ್ತ ಮಗ ಓಡಿಸಿ ಅಪರಾಧವಾದರೆ ಪೋಷಕನಿಗೆ ಅಥವಾ ವಾಹನದ ಮಾಲೀಕನಿಗೆ ಮೂರು ವರ್ಷದವರೆಗೆ ಸೆರೆವಾಸ ಹಾಗೂ 25,000 ರೂಪಾಯಿ ದಂಡವಿದೆ. ಇನ್ನು ಶಬೇ ಬರಾತಿನ ರಾತ್ರಿ, ಈದಿನ ರಾತ್ರಿ ಹೆದ್ದಾರಿಯಲ್ಲಿ ವೀಲಿಂಗ್ ಮಾಡುವ ನಮ್ಮದೇ ಮೊಹಲ್ಲಾದ ಹುಡುಗರ ಬಗ್ಗೆ ಏನು ಹೇಳೋಣ? ಕ್ಷಮೆ ಬೇಡಲೆಂದು ಎಚ್ಚರವಿದ್ದ ರಾತ್ರಿ ಜನರ ಶಾಪ ಹೊತ್ತು ಮುಗಿಯಬೇಕೇ?

ತಪ್ಪು ನಿಜಕ್ಕೂ ಅವನದಾದಾಗ

ಎಷ್ಟು ಎಚ್ಚರವಿದ್ದರೂ ಇನ್ನೊಬ್ಬನ ತಪ್ಪಿನಿಂದ ಅಪಘಾತ ಆಗಬಹುದು. ಆಗ ಏನು ಮಾಡಬೇಕು?

1993ರ ಜೂನ್‌ನಲ್ಲಿ ಬ್ರೂನೈಯಲ್ಲಿ ಸೇರಿದ್ದ ಅಂತಾರಾಷ್ಟ್ರೀಯ ಇಸ್ಲಾಮಿ ಫಿಕ್ಹ್ ಅಕಾಡೆಮಿಯ ವಿದ್ವಾಂಸರು ಈ ವಿಷಯವನ್ನು ಚರ್ಚಿಸಿ ನಿರ್ಣಯ ಕೈಗೊಂಡರು. ಶರೀಅತ್ತಿಗೆ ವಿರುದ್ಧವಲ್ಲದ ಸಂಚಾರ ನಿಯಮಗಳನ್ನು ಪಾಲಿಸುವುದು ಧಾರ್ಮಿಕವಾಗಿಯೂ ಕಡ್ಡಾಯ. ವಾಹನದಿಂದಾದ ಹಾನಿಗೆ ಚಾಲಕನೇ ಹೊಣೆ. ಆದರೆ ತಡೆಯಲಾಗದ ಆಕಸ್ಮಿಕವಾದರೆ, ಪೆಟ್ಟು ತಿಂದವನ ಕೃತ್ಯವೇ ಬಲವಾದ ಕಾರಣವಾಗಿದ್ದರೆ, ಅಥವಾ ಮೂರನೆಯವನ ತಪ್ಪಾಗಿದ್ದರೆ ಅವನು ಹೊಣೆಯಲ್ಲ. ಇಬ್ಬರದೂ ತಪ್ಪಿದ್ದರೆ ಇಬ್ಬರೂ ಇನ್ನೊಬ್ಬನಿಗಾದ ಹಾನಿಯ ಹೊಣೆ ಹೊರಬೇಕು. ದನಕರುಗಳನ್ನು ಹಿಡಿತದಲ್ಲಿಡದೆ ರಸ್ತೆಗೆ ಬಿಟ್ಟ ಮಾಲೀಕನೂ ಹಾನಿಗೆ ಹೊಣೆಗಾರ. 'ಸಣ್ಣ ಗಾಡಿಯವನು ಯಾವಾಗಲೂ ಸರಿ, ದೊಡ್ಡ ಗಾಡಿಯವನು ಯಾವಾಗಲೂ ತಪ್ಪು' ಎಂಬ ನಮ್ಮ ಬೀದಿಯ ನ್ಯಾಯ ಇದರಲ್ಲಿ ಎಲ್ಲೂ ಇಲ್ಲ.

ಆದ್ದರಿಂದ ಸ್ಥಳದಲ್ಲಿ ಗುಂಪು ಸೇರಿ ಚಾಲಕನನ್ನು ಹೊಡೆಯುವುದು ನ್ಯಾಯವಲ್ಲ, ಅನ್ಯಾಯದ ಮೇಲೆ ಇನ್ನೊಂದು ಅನ್ಯಾಯ. ಪೊಲೀಸ್ ಠಾಣೆಯಲ್ಲಿ ಸುಳ್ಳು ಹೇಳುವುದು, ಓಡಿಸಿದವನನ್ನು ಮರೆಮಾಡಿ ಲೈಸೆನ್ಸ್ ಇದ್ದ ತಮ್ಮನನ್ನು ಮುಂದೆ ನಿಲ್ಲಿಸುವುದು ಸುಳ್ಳು ಸಾಕ್ಷ್ಯ. ಮಹಾಪಾಪಗಳ ಸಾಲಿನಲ್ಲಿ ಅದರ ಹೆಸರಿದೆ. ತೀರಿಕೊಂಡ ಮಗನಿಗೆ ಸುಳ್ಳಿನ ಹಣದಿಂದ ಯಾವ ಈಸಾಲೆ ಸವಾಬ್ ಆದೀತು?

ಸತ್ಯದ ದಾರಿಯಲ್ಲಿ ಪರಿಹಾರ ಕೇಳುವುದು ಮಾತ್ರ ದುರಾಸೆಯಲ್ಲ. ತಪ್ಪಿನಿಂದಾದ ಕೊಲೆಗೂ ಮೃತನ ಮನೆಯವರಿಗೆ ರಕ್ತಪರಿಹಾರ ಸಲ್ಲಬೇಕೆಂದು ಪವಿತ್ರ ಕುರ್‌ಆನಿನ ಅನ್ನಿಸಾ ಅಧ್ಯಾಯವು ವಿಧಿಸಿದೆ. ಅವರು ಬಿಟ್ಟುಕೊಟ್ಟರೆ ಅದು ಸದಕಾ ಎಂದೂ, ಕೊಂದವನಿಗೆ ಪ್ರಾಯಶ್ಚಿತ್ತ ಉಂಟೆಂದೂ ತಿಳಿಸಿದೆ. ಬಿಡುಗಡೆ ಮಾಡಲು ಗುಲಾಮನಿಲ್ಲದವನು ಎರಡು ತಿಂಗಳು ಸತತವಾಗಿ ಉಪವಾಸ ಆಚರಿಸಬೇಕು. 'ವಿಮೆಯವರು ಕಟ್ಟಿಕೊಟ್ಟರು, ನನ್ನ ಕೆಲಸ ಮುಗಿಯಿತು' ಎನ್ನುವ ಚಾಲಕನು ಆಲಿಮರನ್ನು ಕಂಡು ತನ್ನ ಬಾಕಿ ಏನೆಂದು ಕೇಳಿಕೊಳ್ಳಲಿ. ಕಾನೂನು ಕಡ್ಡಾಯ ಮಾಡಿರುವ ಥರ್ಡ್ ಪಾರ್ಟಿ ವಿಮೆಯನ್ನು ನವೀಕರಿಸದೆ ಓಡಿಸುವವನು ನಾಳೆ ತನ್ನಿಂದ ಪೆಟ್ಟು ತಿನ್ನುವ ಬಡವನ ಹಕ್ಕನ್ನು ಇಂದೇ ಕಸಿಯುತ್ತಿದ್ದಾನೆ. ಗುದ್ದಿದ ವಾಹನ ಓಡಿಹೋಗಿ ಸಿಗದಿದ್ದರೂ ಕುಟುಂಬವು ಕೈಚೆಲ್ಲಬೇಕಿಲ್ಲ. 2022ರ ಏಪ್ರಿಲಿನಿಂದ ಜಾರಿಗೆ ಬಂದ ಕೇಂದ್ರದ ಯೋಜನೆಯಲ್ಲಿ ಅಂತಹ ಸಾವಿಗೆ ಎರಡು ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ ಪರಿಹಾರವಿದೆ.

ಬಿದ್ದವನ ಬಳಿ ನಿಲ್ಲಿರಿ

2016ರ ಫೆಬ್ರವರಿಯಲ್ಲಿ ನೆಲಮಂಗಲದ ಬಳಿ ಹರೀಶ್ ನಂಜಪ್ಪ ಎಂಬ ತರುಣನ ಬೈಕಿಗೆ ಲಾರಿ ಗುದ್ದಿ ಅವನ ದೇಹ ಎರಡು ತುಂಡಾಯಿತು. ಪಂಚಾಯತ್ ಚುನಾವಣೆಗೆ ಮತ ಹಾಕಿ ಊರಿನಿಂದ ಬೆಂಗಳೂರಿಗೆ ಮರಳುತ್ತಿದ್ದ ಹುಡುಗ. ಆ ಸ್ಥಿತಿಯಲ್ಲೂ ತನ್ನ ಕಣ್ಣುಗಳನ್ನು ದಾನ ಮಾಡಿ ಎಂದು ಕೇಳಿಕೊಂಡ ಅವನ ಮಾತು ನಾಡನ್ನೇ ಅಳಿಸಿತು. ಅಪಘಾತಕ್ಕೊಳಗಾದವರ ಮೊದಲ 48 ಗಂಟೆಗಳ ಚಿಕಿತ್ಸೆಗೆಂದು ರಾಜ್ಯ ಸರಕಾರ ಅದೇ ವರ್ಷ ಅವನ ಹೆಸರಿನಲ್ಲಿ ಯೋಜನೆಯೊಂದನ್ನು ತಂದಿತು. ಮರುವರ್ಷ, 2017ರಲ್ಲಿ, ಕೊಪ್ಪಳದಲ್ಲಿ ಸೈಕಲ್ ತುಳಿಯುತ್ತಿದ್ದ ನಮ್ಮದೇ ಸಮುದಾಯದ ಹದಿನೆಂಟರ ಹುಡುಗನಿಗೆ ಬಸ್ ಬಡಿಯಿತು. ರಕ್ತದ ಮಡುವಿನಲ್ಲಿ ಅವನು ನೆರವಿಗಾಗಿ ಅಂಗಲಾಚುತ್ತಿದ್ದರೆ ಸುತ್ತ ನೆರೆದವರು ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಿದ್ದರು. ಅವನು ಉಳಿಯಲಿಲ್ಲ.

ಒಂದು ಜೀವವನ್ನು ಉಳಿಸಿದವನು ಇಡೀ ಮನುಕುಲವನ್ನು ಉಳಿಸಿದಂತೆ ಎಂದು ನಂಬುವ ಸಮುದಾಯ ನಮ್ಮದು. ಬಿದ್ದವನ ಗಡ್ಡವನ್ನೋ ಹಣೆಯ ನಾಮವನ್ನೋ ನೋಡದೆ ಎತ್ತುವ ಕೈ ನಮ್ಮದಾಗಬೇಕು. ಕೋರ್ಟು, ಪೊಲೀಸ್ ಎಂಬ ಭಯವೂ ಬೇಡ. 2019ರ ತಿದ್ದುಪಡಿಯು ಸದುದ್ದೇಶದಿಂದ ನೆರವಾದವರಿಗೆ ರಕ್ಷಣೆ ನೀಡಿದೆ. ಅವರು ತಮ್ಮ ಹೆಸರನ್ನು ಹೇಳಲೇಬೇಕೆಂದು ಯಾರೂ ಬಲವಂತ ಮಾಡುವಂತಿಲ್ಲ. 108ಕ್ಕೆ ಕರೆ ಮಾಡಿ. ರಕ್ತ ಹರಿಯುವಲ್ಲಿ ಶುಭ್ರ ಬಟ್ಟೆಯಿಂದ ಒತ್ತಿ ಹಿಡಿಯಿರಿ. ಕುತ್ತಿಗೆಯನ್ನು ಎಳೆದಾಡಬೇಡಿ. 2025ರ ಮೇ ತಿಂಗಳಲ್ಲಿ ಪ್ರಕಟವಾದ ಕೇಂದ್ರದ ಯೋಜನೆಯಂತೆ ಗಾಯಾಳುವಿಗೆ ಏಳು ದಿನಗಳವರೆಗೆ, ಒಂದೂವರೆ ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ನಗದಿಲ್ಲದೆ ದೊರೆಯಬೇಕು. ಆಸ್ಪತ್ರೆಯಲ್ಲಿ ಇದನ್ನು ಕೇಳಿರಿ.

ಸಹೋದರ ಸಹೋದರಿಯರೇ, ವಾಹನ ಏರುವಾಗ ನಾವು ಓದುವ ದುಆದಲ್ಲಿ ಎರಡು ವಿಷಯಗಳಿವೆ. ಇದನ್ನು ನಮಗೆ ಅಧೀನಗೊಳಿಸಿದವನು ಅಲ್ಲಾಹನು, ನಮಗೆ ಸ್ವತಃ ಆ ಶಕ್ತಿ ಇರಲಿಲ್ಲ ಎಂಬುದು ಮೊದಲನೆಯದು. ನಾವು ನಮ್ಮ ಪ್ರಭುವಿನ ಕಡೆಗೆ ಮರಳುವವರು ಎಂಬುದು ಎರಡನೆಯದು. ಮೊದಲನೆಯದು ಅಹಂಕಾರವನ್ನು ಇಳಿಸುತ್ತದೆ, ಎರಡನೆಯದು ಕಣ್ಣನ್ನು ತೆರೆಸುತ್ತದೆ. ಅರ್ಥ ತಿಳಿದು ಓದಿದವನ ಕಾಲು ಆಕ್ಸಿಲರೇಟರಿನ ಮೇಲೆ ತಾನಾಗಿಯೇ ಹಗುರವಾಗುತ್ತದೆ.

ಇಂದು ರಾತ್ರಿ ಮಗ ಬೈಕಿನ ಕೀಲಿ ಕೈಗೆತ್ತಿಕೊಂಡಾಗ ಬಾಗಿಲಲ್ಲಿ ನಿಂತ ಅಮ್ಮಿ 'ಖುದಾ ಹಾಫಿಝ್' ಹೇಳುವ ಮೊದಲು ಮೊಳೆಯಲ್ಲಿ ತೂಗುವ ಹೆಲ್ಮೆಟನ್ನು ಅವನ ಕೈಗಿಡಲಿ. ಒಂಟೆಯನ್ನು ಕಟ್ಟುವ ಕೆಲಸ ಅಲ್ಲಿಂದಲೇ ಆರಂಭವಾಗಲಿ.

ಅಲ್ಲಾಹನು ನಮ್ಮ ದಾರಿಗಳನ್ನು ಸುರಕ್ಷಿತಗೊಳಿಸಲಿ. ನಮ್ಮಿಂದ ಇತರರಿಗೂ ಇತರರಿಂದ ನಮಗೂ ಕೇಡಾಗದಂತೆ ಕಾಪಾಡಲಿ. ರಸ್ತೆಯಲ್ಲಿ ಅಗಲಿದವರನ್ನು ಕ್ಷಮಿಸಿ ಅವರ ಮನೆಯವರಿಗೆ ಸಬ್ರ್ ಅನುಗ್ರಹಿಸಲಿ. ಆಮೀನ್.